ಕಲ್ಯಾಣಿಯ ಪ್ರತಿಬಿಂಬ ಮಸುಕಾಗುತ್ತಿದ್ದದ್ದು ಯಾಕೆ?

ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಗ್ರಾಮದ ಭೋಗ ನಂದೀಶ್ವರ ದೇವಸ್ಥಾನದಲ್ಲಿ ಶೃಂಗಿ ತೀರ್ಥ ಅಂತ ಕಲ್ಯಾಣಿ ಇದೆ. ಇಳಿದು ಹೋಗುವ ಮೆಟ್ಟಿಲು, ಸುತ್ತ ಕಲ್ಲುಕಂಬಗಳ ಸಾಲು. ಆ ಕಂಬಗಳು ನೀರಲ್ಲಿ ಮೂಡುವುದನ್ನು ಸೆರೆಹಿಡಿಯಬೇಕು ಅಂತ ಮೂರು ಸಲ ಹೋದೆ. ಮೂರು ಸಲವೂ ಪ್ರತಿಬಿಂಬ ಮಂಕು. ಲೆನ್ಸ್ ಕೆಟ್ಟಿದೆ ಅಂದುಕೊಂಡು ತುಂಬಾ ಬೇಜಾರಾಯಿತು.

ಲೆನ್ಸ್ ಚೆನ್ನಾಗಿಯೇ ಇತ್ತು. ಫೋಟೋ ದೊಡ್ಡದು ಮಾಡಿ ನೋಡಿದರೆ, ತೇಲುತ್ತಿದ್ದ ಅರಳಿ ಎಲೆಯ ನರನರವೂ ಸ್ಪಷ್ಟ, ಕಂಬ ಮಾತ್ರ ಮಸುಕು. ಫೋಕಸ್ ಎಲೆಯ ಮೇಲೆ ಕೂತಿತ್ತು! ಪ್ರತಿಬಿಂಬ ನೀರಿನ ಮೇಲೆ ಅಂಟಿಕೊಂಡಿರುವುದಿಲ್ಲ. ಕ್ಯಾಮೆರಾದಿಂದ ನೀರಿಗೆ, ನೀರಿನಿಂದ ಕಂಬಕ್ಕೆ, ಈ ಎರಡೂ ದೂರ ಕೂಡಿಸಿದಷ್ಟು ಆಚೆ ಇರುತ್ತದೆ. ಹಾಗಾಗಿ ನೀರಲ್ಲಿ ಕಾಣುವ ಕಂಬದ ಮೇಲೇ ಫೋಕಸ್ ಮಾಡಿದೆ. ಎಲೆಯೂ ಬೇಕೆನಿಸಿದಾಗ, ಹತ್ತಿರದ್ದೂ ದೂರದ್ದೂ ಸ್ಪಷ್ಟ ಬರಲಿ ಅಂತ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ ಎಫ್ 11ಕ್ಕೆ ಇಟ್ಟೆ.

ಇನ್ನೊಂದು ತಪ್ಪು ಪೋಲರೈಸರ್ ಫಿಲ್ಟರ್. ಆಕಾಶ ನೀಲಿಯಾಗಲಿ ಅಂತ ಸುಮ್ನೆ ಹಾಕಿದ್ದೆ. ನೀರಿನ ಹೊಳಪು ಅಳಿಸುವುದೇ ಅದರ ಕೆಲಸ ಅಲ್ವಾ? ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅದು ಅತಿ ಜಾಸ್ತಿ ಅಳಿಸುತ್ತದೆ. ಗಾಜಿಗಾದರೆ ಸುಮಾರು 34. ಅಂಗಡಿ ಗಾಜಿನ ಒಳಗಿರುವುದು ಬೇಕಾದಾಗ ಅದೇ ಫಿಲ್ಟರ್ ವರ.

ಫಿಲ್ಟರ್ ಬಿಚ್ಚಿದೆ. ನೀರಿಗೆ ತಾಗುವ ಮೆಟ್ಟಿಲಲ್ಲಿ ಕೂತು ಕ್ಯಾಮೆರಾ ತಗ್ಗಿಸಿದೆ. ತಗ್ಗಿದಷ್ಟೂ ನೀರು ಕನ್ನಡಿಯಾಗುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ತೆಗೆದ ಆ ಫೋಟೋದಲ್ಲಿ ಕಂಬದ ಉಳಿಗುರುತೂ ಕಾಣುತ್ತಿದೆ.