ಗೊತ್ತಿರೋದನ್ನ ಮಾಡೋಕೆ ಶುರು ಮಾಡೋದು ಹೇಗೆ?

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರೋ ಯಾರನ್ನ ಕೇಳಿದ್ರೂ ಹೇಳ್ತಾರೆ, ಕೊಳೆರೋಗಕ್ಕೆ ಮಳೆ ಹಿಡಿಯೋ ಮುಂಚೆನೇ ಬೋರ್ಡೋ ದ್ರಾವಣ ಹೊಡೀಬೇಕು, ಅಂದ್ರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಗೊತ್ತಿದ್ದೂ "ನಾಳೆ ಹೊಡೆದ್ರಾಯ್ತು" ಅಂತ ಕೂತಿರ್ತೀವಿ, ಅಷ್ಟೊತ್ತಿಗೆ ಮಳೆ ಜಡಿ ಹಿಡಿದಿರುತ್ತೆ. ಓದು, ವಾಕಿಂಗ್, ದುಡ್ಡು ಉಳಿಸೋದು ಎಲ್ಲದ್ರಲ್ಲೂ ಇದೇ ಕಥೆ.

ಮೊದ್ಲು ಒಂದೇ ಒಂದು ಕೆಲ್ಸ ಆರಿಸ್ಕೊಳ್ಳಿ. ಆಮೇಲೆ ಅದನ್ನ ಯಾವಾಗ, ಎಲ್ಲಿ ಮಾಡ್ತೀರಿ ಅಂತ ಪೇಪರ್ ಮೇಲೆ ಬರೀರಿ, ನನ್ನ ಪ್ರಕಾರ ಇಡೀ ವಿಷ್ಯದಲ್ಲಿ ಮುಖ್ಯವಾದದ್ದು ಇದೇ. "ದಿನಾ ಓದ್ತೀನಿ" ಅಂದ್ರೆ ಆಗಲ್ಲ, "ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಜಗಲಿ ಮೇಲೆ ಕೂತು 2 ಪುಟ ಓದ್ತೀನಿ" ಅನ್ಬೇಕು. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದದ್ದೂ ಇದನ್ನೇ, ಹಿಂಗಾದಾಗ ಹಿಂಗ್ ಮಾಡ್ತೀನಿ ಅಂತ ಮೊದ್ಲೇ ಗಂಟು ಹಾಕಿಟ್ರೆ ಕೆಲ್ಸ ಆಗೋ ಸಾಧ್ಯತೆ ಜಾಸ್ತಿ.

ಅಡ್ಡಿಗೂ ಪ್ಲಾನ್ ಇರ್ಲಿ. ನಮ್ಮಲ್ಲಿ ಜೂನ್, ಜುಲೈಲಿ ವಾಕಿಂಗ್ ನಿಂತೇ ಹೋಗುತ್ತಲ್ವಾ, ಅದಕ್ಕೆ "ಮಳೆ ಬಂದ್ರೆ ಮನೆ ಒಳಗೇ 15 ನಿಮಿಷ ಓಡಾಡ್ತೀನಿ" ಅಂತ ಈಗ್ಲೇ ಬರೆದಿಡಿ.

21 ದಿನದಲ್ಲಿ ಅಭ್ಯಾಸ ಆಗುತ್ತೆ ಅನ್ನೋ ಮಾತನ್ನ ದಯವಿಟ್ಟು ನಂಬ್ಬೇಡಿ, ಲಂಡನ್ನಿನ 96 ಜನರ ಅಧ್ಯಯನದಲ್ಲಿ ಸುಮಾರು 66 ದಿನ ಬೇಕಾಗಿತ್ತು, ಕೆಲವ್ರಿಗೆ 18, ಕೆಲವ್ರಿಗೆ 254ರವರೆಗೂ. ಮಧ್ಯೆ ಒಂದು ದಿನ ತಪ್ಪಿದ್ರೆ ಏನೂ ಹಾಳಾಗಲ್ಲ ಅಂತ್ಲೂ ಅದ್ರಲ್ಲೇ ಗೊತ್ತಾಯ್ತು, ಮಾರನೇ ದಿನ ಅದೇ ಹೊತ್ತಿಗೆ ಅದೇ ಜಗಲಿಗೆ ಬಂದು ಕೂತ್ಕೊಳ್ಳಿ.