ಡಾನ್ಸ್ ಕ್ಲಾಸಿನಲ್ಲಿ ವಿಡಿಯೊ: ಮೊದಲು ಕೇಳಿ, ಆಮೇಲೆ ತೋರಿಸಿ

ಡಾನ್ಸ್ ಕಲಿಯುವ ಕಾಲೇಜು ಹುಡುಗ ಹುಡುಗಿಯರಿಗೆ "ನೆಗೆದು ಇಳಿಯುವಾಗ ಮೊಣಕಾಲು ಒಳಗೆ ವಾಲುತ್ತಿದೆ" ಅಂತ ಹತ್ತು ಸಲ ಹೇಳಿರುತ್ತೇವೆ. ಅವರು ತಲೆ ಆಡಿಸುತ್ತಾರೆ, ಮತ್ತೆ ಹಾಗೇ ಇಳಿಯುತ್ತಾರೆ. ಅದು ಉದಾಸೀನ ಅಲ್ಲ. ಅವರ ಮೈಗೆ ಅದು ನೆಟ್ಟಗಿದೆ ಅಂತಲೇ ಅನಿಸುತ್ತಿರುತ್ತದೆ. ವಿಡಿಯೊ ಬೇಕಾಗುವುದು ಇಂಥ ಕಡೆ.

ಆದರೆ ಸುಮ್ನೆ ಫೋನ್ ಹಿಡಿದು "ನೋಡು" ಅಂದರೆ ಏನೂ ಆಗುವುದಿಲ್ಲ. ನೋಡಿದ ಕೂಡಲೇ ಕಣ್ಣು ಹೋಗುವುದು ಹೊಟ್ಟೆ, ತೊಡೆ, ಕೂದಲ ಕಡೆಗೆ. ಅದಕ್ಕೇ ತೋರಿಸುವ ಮೊದಲು ಒಂದು ಪ್ರಶ್ನೆ ಕೇಳಿ: "ಇಳಿದಾಗ ಭಾರ ಪಾದದ ಯಾವ ಕಡೆ ಬಿತ್ತು?" ಅವರು ಬಾಯಿಬಿಟ್ಟು ಹೇಳಲಿ. ಆಮೇಲೆ ಅದೊಂದನ್ನೇ ನೋಡಲಿ, ಮುಖ ಕೈ ಎಲ್ಲ ಬೇಡ. ತಾನು ಅಂದುಕೊಂಡದ್ದಕ್ಕೂ ಪರದೆಯ ಮೇಲೆ ಕಂಡದ್ದಕ್ಕೂ ಎಷ್ಟು ಅಂತರ ಇದೆ ಅಂತ ಗೊತ್ತಾಗುವ ಆ ಒಂದು ಕ್ಷಣದಲ್ಲೇ ಕಲಿಕೆ ಇರುವುದು. ನೋಡಿದ ತಕ್ಷಣ ಮತ್ತೆ ಮಾಡಿಸಿ. ಮಾತು ಜಾಸ್ತಿ ಮಾಡಿದರೆ ಮೈಯ ನೆನಪು ಆರಿಹೋಗುತ್ತದೆ.

ಕ್ಯಾಮೆರಾ ಇಡುವುದರಲ್ಲಿ ಸ್ವಲ್ಪ ಎಚ್ಚರ ಬೇಕು. ಟ್ರೈಪಾಡ್ ಮೇಲೆ, ಸೊಂಟದ ಎತ್ತರಕ್ಕೆ, ಇಡೀ ಮೈ ಕಾಣುವಷ್ಟು ದೂರದಲ್ಲಿ ಇಡಿ. ತೀರಾ ಹತ್ತಿರ ಇಟ್ಟು ವೈಡ್ ಲೆನ್ಸ್ ಹಾಕಿದರೆ ಚೌಕಟ್ಟಿನ ಅಂಚಿನಲ್ಲಿ ಕೈಕಾಲು ಎಳೆದಂತೆ ಕಾಣುತ್ತವೆ. ಮೊಣಕಾಲು ಒಳಗೆ ವಾಲುವುದು ಎದುರಿನಿಂದ ಕಾಣುತ್ತದೆ, ಸೊಂಟ ಮುಂದೆ ತಳ್ಳುವುದು ಪಕ್ಕದಿಂದ. ಯಾವುದನ್ನು ನೋಡಬೇಕೋ ಮೊದಲೇ ತೀರ್ಮಾನಿಸಿ ಕ್ಯಾಮೆರಾ ಇಡಿ. ವೇಗದ ಚಲನೆಗೆ ಸ್ಲೋ ಮೋಷನ್ ಬೇಕೇ ಬೇಕು. ನೆಗೆದು ಇಳಿದು ಮೊಣಕಾಲು ಪೂರ್ತಿ ಮಡಚಲು 0.2 ಸೆಕೆಂಡ್ ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಅದು ಬರೀ 6 ಚಿತ್ರ, 240 ಫ್ರೇಮಿನಲ್ಲಿ 48. ಆ 48ರಲ್ಲಿ ಹಿಮ್ಮಡಿ ನೆಲಕ್ಕೆ ತಾಗಿತಾ, ಮೊಣಕಾಲು ಯಾವಾಗ ವಾಲಿತು ಅನ್ನುವುದನ್ನೆಲ್ಲ ಬೆರಳಿಟ್ಟು ತೋರಿಸಬಹುದು.

ತಾಳಕ್ಕೆ ಸಂಬಂಧಿಸಿದ ತಪ್ಪನ್ನು ಮಾತ್ರ ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ನೋಡಬೇಡಿ. ಶಬ್ದ ಕೊಂಚ ತಡವಾಗಿ ಬಂದರೆ ಸರಿಯಾಗಿ ಕುಣಿದವರೂ ತಾಳಕ್ಕಿಂತ ಮುಂದೆ ಓಡಿದಂತೆ ಕಾಣುತ್ತಾರೆ, ಪಾಪ ಅವರಿಗೆ ಬೈಗುಳ. ಫೋನಿನ ಸ್ಪೀಕರ್ ಅಥವಾ ವೈರ್ ಇರುವ ಸ್ಪೀಕರ್ ಸಾಕು.

ಇಪ್ಪತ್ತು ಮೂವತ್ತು ಜನರ ಕ್ಲಾಸಿಗೆ ನನಗೆ ತುಂಬ ಇಷ್ಟವಾದದ್ದು ವಿಡಿಯೊ ಡಿಲೇ ಆ್ಯಪ್, ಅಂದರೆ ಕ್ಯಾಮೆರಾ ಕಂಡದ್ದನ್ನು ಸ್ವಲ್ಪ ತಡವಾಗಿ ತಾನೇ ಪರದೆಯ ಮೇಲೆ ತೋರಿಸುವ ಆ್ಯಪ್. ಟ್ಯಾಬ್ಲೆಟ್ಟಿನಲ್ಲಿ 20 ಸೆಕೆಂಡ್ ತಡ ಇಟ್ಟರೆ, ವಿದ್ಯಾರ್ಥಿ ಒಂದು ತುಣುಕು ಮುಗಿಸಿ ನಡೆದು ಬಂದು ನಿಲ್ಲುವ ಹೊತ್ತಿಗೆ ಅವರದೇ ತುಣುಕು ಪರದೆಯ ಮೇಲೆ ಶುರುವಾಗುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ, ಸಾಲು ನಿಲ್ಲುವುದಿಲ್ಲ. ಕೋನ ಅಳೆಯಲು, ಎರಡು ವಿಡಿಯೊ ಪಕ್ಕಪಕ್ಕ ಇಡಲು ಕಿನೊವಿಯಾ ಅನ್ನುವ ಉಚಿತ ತಂತ್ರಾಂಶ ಇದೆ, ವಿಂಡೋಸ್‌ನಲ್ಲಿ ನಡೆಯುತ್ತದೆ. ಕಾಲು ಕ್ಯಾಮೆರಾಕ್ಕೆ ಓರೆಯಾಗಿದ್ದರೆ ಬರುವ ಕೋನ ತಪ್ಪಾಗಿರುತ್ತದೆ, ನೆನಪಿರಲಿ.

ಕನ್ನಡಿ ಇದೆಯಲ್ಲ, ಸಾಕಲ್ವಾ ಅಂತ ಕೇಳುತ್ತಾರೆ. ಪಕ್ಕಕ್ಕೆ ತಿರುಗಿ ನಿಂತಾಗ ಕನ್ನಡಿ ನೋಡುವುದಕ್ಕೆ ಕತ್ತು ತಿರುಗಿಸಬೇಕು, ತಿರುಗಿಸಿದ ಕೂಡಲೇ ಭಂಗಿಯೇ ಬೇರೆ. ಬೆನ್ನಂತೂ ಕಾಣುವುದೇ ಇಲ್ಲ. ಅಲ್ಲದೆ ಕನ್ನಡಿಯಲ್ಲಿ ಎಡಬಲ ಅದಲುಬದಲು, ಫೋನಿನ ಹಿಂಬದಿಯ ಕ್ಯಾಮೆರಾದಲ್ಲಿ ಹಾಗಲ್ಲ. ಮೊದಲ ದಿನ ಇದನ್ನು ಹೇಳದಿದ್ದರೆ "ನಾನು ಬಲಗೈ ಎತ್ತಿದ್ದೆ" ಅನ್ನುವ ಗೊಂದಲ ಗ್ಯಾರಂಟಿ.

ಪ್ರತಿ ಸಲವೂ ತೋರಿಸಬೇಡಿ. ಹೊಸ ಚಲನೆ ಕಲಿಯುವಾಗ ಎರಡು ಮೂರು ಪ್ರಯತ್ನಕ್ಕೊಮ್ಮೆ, ಆಮೇಲೆ ಅವರೇ ಕೇಳಿದಾಗ, ಪ್ರದರ್ಶನ ಹತ್ತಿರ ಬಂದಂತೆ ಇನ್ನೂ ಕಡಿಮೆ. ವೇದಿಕೆ ಮೇಲೆ ಪರದೆ ಇರುವುದಿಲ್ಲ, ಅಲ್ಲಿ ಮೈಯನ್ನೇ ನಂಬಬೇಕು.

ಒಪ್ಪಿಗೆ ಇಲ್ಲದೆ ಯಾರನ್ನೂ ಚಿತ್ರೀಕರಿಸಬೇಡಿ. ಬೇಡ ಅಂದವರಿಂದ ಕಾರಣ ಕೇಳಬೇಡಿ. ಸಾಧ್ಯವಾದರೆ ಅವರವರ ಫೋನಿನಲ್ಲೇ ತೆಗೆಯಿರಿ. ಅಭ್ಯಾಸದ ವಿಡಿಯೊ ವಾಟ್ಸಾಪ್ ಗುಂಪಿಗೂ ಹೋಗಬಾರದು, ಅಂಕಕ್ಕೂ ಲೆಕ್ಕವಾಗಬಾರದು. ಅಂಕದ ಭಯ ಬಂದರೆ ತಪ್ಪು ಮಾಡಲು ಯಾರೂ ಧೈರ್ಯ ಮಾಡುವುದಿಲ್ಲ.

ಅವರು ಒಪ್ಪಿದರೆ ಮೊದಲ ವಾರದ ಒಂದು ಕ್ಲಿಪ್ ಮಾತ್ರ ಇಟ್ಟುಕೊಳ್ಳಲಿ. ಸೆಮಿಸ್ಟರ್ ಕೊನೆಯಲ್ಲಿ ಅದೇ ತುಣುಕನ್ನು ಅದೇ ಜಾಗ, ಅದೇ ಎತ್ತರದಿಂದ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಅದಕ್ಕೇ ಟ್ರೈಪಾಡ್ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಗುರುತನ್ನು ಮೊದಲ ದಿನವೇ ಅಂಟಿಸಿಬಿಡಿ.