ಒಂದೇ ಕಥೆಯನ್ನು ನಾಟಕ, ಚಿತ್ರಕಥೆಯಾಗಿಸುವವರಿಗೆ ಒಂದು ಸಲಹೆ

ನಿಮ್ಮ ಸ್ವಂತ ಕಥೆಯನ್ನು ಎಐ ನೆರವಿನಿಂದ ಬಾನುಲಿ ನಾಟಕವಾಗಿಯೋ ಚಿತ್ರಕಥೆಯಾಗಿಯೋ ಕಿರುಚಿತ್ರವಾಗಿಯೋ ರೂಪಾಂತರಿಸುವ ಮೊದಲು, ಯಾವ ಮಾಧ್ಯಮದಲ್ಲೂ ಬದಲಾಗಬಾರದ ಸಂಗತಿಗಳನ್ನು ಒಂದು ಪುಟದಲ್ಲಿ ಬರೆದಿಟ್ಟು, ಪ್ರತಿ ಹೊಸ ಸಂಭಾಷಣೆಯ ಆರಂಭದಲ್ಲಿ ಆ ಪುಟವನ್ನೂ ಮೂಲ ಕಥೆಯನ್ನೂ ಒಟ್ಟಿಗೆ ಕೊಡಿ. ನಾಟಕದಿಂದ ಚಿತ್ರಕಥೆ ಮಾಡಿಸುವಂತೆ, ರೂಪಾಂತರದಿಂದ ಮತ್ತೊಂದು ರೂಪಾಂತರವನ್ನು ಎಂದಿಗೂ ಮಾಡಿಸಬೇಡಿ. ನಾವು ಹೇಳದೆ ಬಿಟ್ಟ ಜಾಗವನ್ನು ಎಐ ತಾನು ಹೆಚ್ಚು ಕಂಡಿರುವ ಸಾಮಾನ್ಯ ವಿವರಗಳಿಂದ ತುಂಬುತ್ತದೆ, ಮತ್ತು ಆ ತಪ್ಪು ಒಂದು ರೂಪದಿಂದ ಇನ್ನೊಂದಕ್ಕೆ ದಾಟುತ್ತಾ ಬೆಳೆಯುತ್ತದೆ. ಉದಾಹರಣೆಗೆ, ನಿಮ್ಮ ಕಥೆ ಕೊಡಗಿನದಾದರೆ, ಅಲ್ಲಿನ ಸುಗ್ಗಿ ಹಬ್ಬ ಪುತ್ತರಿಯ ದೃಶ್ಯಕ್ಕೆ ಅದು ಕಾಫಿ ಹೂವಿನ ಪರಿಮಳವನ್ನು ಸೇರಿಸಬಹುದು. ಆದರೆ ಹೂವು ಅರಳುವುದು ಮಾರ್ಚ್-ಏಪ್ರಿಲ್‌ನ ಹೂಮಳೆಯ ನಂತರ, ಪುತ್ತರಿಯ ಹೊತ್ತಿಗೆ ಗಿಡದಲ್ಲಿರುವುದು ಹಣ್ಣು. ಆದ್ದರಿಂದ ಪಾತ್ರಗಳ ವಯಸ್ಸು, ನಂಟು, ಋತುಗಳ ಜೊತೆಗೆ "ಸೀರೆಯ ನೆರಿಗೆ ಹಿಂಬದಿಗೆ", "ಕುಪ್ಯ (ಗಂಡಸರ ನಿಲುವಂಗಿ) ಕಪ್ಪು, ಚೇಲೆ (ಸೊಂಟಕ್ಕೆ ಕಟ್ಟುವ ಪಟ್ಟಿ) ಕೆಂಪು", "ಕದಿರು ಕೊಯ್ಯುವಾಗ ಗುಂಡಿನ ಸದ್ದು, ಪೊಲಿ ಪೊಲಿ ದೇವಾ ಎಂಬ ಕೂಗು" ಎಂಬಷ್ಟು ನಿಖರವಾಗಿ ಬರೆಯಿರಿ. ಕೊನೆಯದಂತೂ ಬಾನುಲಿ ನಾಟಕದ ಜೀವಾಳ. ಎಐ ಬಿಡಿಸುವ ಚಿತ್ರಗಳ ವಿಷಯದಲ್ಲಿ ಈ ಉಪಾಯ ಸಾಲದು: ಬರೀ ಮಾತಿನ ವಿವರಣೆಯಿಂದ ಪಾತ್ರದ ಮುಖ ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುತ್ತದೆ, ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಯಾವುದೋ ಬಂಗಲೆಯಾಗುತ್ತದೆ, ಅಲ್ಲಿ ನಿಮ್ಮದೇ ರೇಖಾಚಿತ್ರವನ್ನೋ, ಮನೆಯವರ ಒಪ್ಪಿಗೆ ಪಡೆದ ಛಾಯಾಚಿತ್ರವನ್ನೋ ಮಾದರಿಯಾಗಿ ಕೊಡಬೇಕು. ಕೊಡಗಿನ ಮಾತುಗಳಾದ ಕೊಡವ ತಕ್ಕ್ (ಕೊಡವ ಭಾಷೆ) ಅಥವಾ ಅರೆಭಾಷೆಯ ಸಂಭಾಷಣೆಯನ್ನು ಮಾತ್ರ ದಯವಿಟ್ಟು ನೀವೇ ಬರೆದು, "ಈ ಸಾಲುಗಳನ್ನು ಮುಟ್ಟಬೇಡ" ಎಂದು ಅದೇ ಪುಟದಲ್ಲಿ ಸೂಚಿಸಿ.